ಪ್ರಿನ್ಸೆಸ್ ಸ್ಟ್ರೀಟಿನ ಪೀನ ಮಸೂರ: ಪಾಲಿಕೆ ಶಾಲೆಯ ಮಕ್ಕಳಿಗಾಗಿ ಕೊಂಡು, ಪರೀಕ್ಷಿಸಿ ಬರೆದದ್ದು

ಮುಂಬಯಿಯ ಮರೀನ್ ಲೈನ್ಸ್ ನಿಲ್ದಾಣದಲ್ಲಿ ಇಳಿದು ಪೂರ್ವದ ಕಡೆಗೆ ನಡೆದರೆ ಸಿಗುವ ಪ್ರಿನ್ಸೆಸ್ ಸ್ಟ್ರೀಟು, ಅಂದರೆ ಈಗಿನ ಶಾಮಲದಾಸ ಗಾಂಧಿ ಮಾರ್ಗ, ಔಷಧ, ರಾಸಾಯನಿಕ ಮತ್ತು ಪ್ರಯೋಗಾಲಯದ ಸಾಮಗ್ರಿಗಳ ವ್ಯಾಪಾರಕ್ಕೆ ಬಹುಕಾಲದಿಂದ ಹೆಸರಾದ ಬೀದಿ. ಅಲ್ಲಿ ಬಿಡಿಬಿಡಿಯಾಗಿ ಮಾರುವ, ಶಾಲಾ ಬಳಕೆಯ ಗಾಜಿನ ಪೀನ ಮಸೂರಗಳನ್ನು ನಾನು ಕನ್ನಡ ಮಕ್ಕಳ ತರಗತಿಗಾಗಿ ಕೊಂಡು, ಒಂದು ಶಾಲಾ ವರ್ಷದ ಉದ್ದಕ್ಕೂ ಬಳಸಿ ನೋಡಿದ್ದೇನೆ. ಶಾಲೆಗೆ, ಸಂಘದ ತರಗತಿಗೆ ಅಥವಾ ಮನೆಯ ಮಗುವಿಗೆ ಇಂಥದ್ದನ್ನು ಕೊಳ್ಳಬೇಕೆಂದಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಆ ಮಸೂರದ ಗುಣದೋಷಗಳನ್ನೂ ಅದನ್ನು ಮಾರಿದ ಅಂಗಡಿಯ ವ್ಯವಹಾರವನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. 50 ಮಿಲಿಮೀಟರ್ ಅಗಲದ, 20 ಸೆಂಟಿಮೀಟರ್ ಸಂಗಮ ದೂರದ, ಅಂದರೆ ಬಿಸಿಲನ್ನು ಅಷ್ಟು ದೂರದಲ್ಲಿ ಒಂದೆಡೆ ಸೇರಿಸುವ, ಗಾಜಿನ ಮಸೂರವನ್ನು ಇಬ್ಬರು ಮಕ್ಕಳಿಗೆ ಒಂದರಂತೆ ಕೊಳ್ಳಿ ಎಂಬುದು ನನ್ನ ಸಲಹೆ. ಚಂದದ ಪೆಟ್ಟಿಗೆಯಲ್ಲಿ ಬರುವ ವಿಜ್ಞಾನ ಕಿಟ್ಟುಗಳಿಗೆ ಹಣ ಹಾಕಬೇಕಾದ ಅಗತ್ಯ ಇಲ್ಲ.

ನಾನು ಠಾಣೆಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ನಮ್ಮ ಬಡಾವಣೆಯ ಕನ್ನಡ ಸಂಘದ ಕೊಠಡಿಯಲ್ಲಿ ಭಾನುವಾರ ಬೆಳಿಗ್ಗೆ ವಿಜ್ಞಾನ ಹೇಳಿಕೊಡುತ್ತೇನೆ. ಬರುವ ಮಕ್ಕಳಲ್ಲಿ ಹೆಚ್ಚಿನವರು ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳವರು, ಇಲ್ಲವೇ ಅಲ್ಲಿ ಓದಿ ಮುಂದೆ ರಾತ್ರಿಶಾಲೆಗೆ ಸೇರಿದವರು. ಕಟ್ಟಡದ ಕೆಲಸಕ್ಕೆ ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರ ಮಕ್ಕಳಿದ್ದಾರೆ, ಹೋಟೆಲಿನಲ್ಲಿ ಹಗಲು ದುಡಿಯುವ ಕರಾವಳಿಯ ಹುಡುಗರಿದ್ದಾರೆ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ ಎಂಬುದು ಊರಿನಲ್ಲಿರುವ ಬಹಳ ಮಂದಿಗೆ ತಿಳಿದಿಲ್ಲ. ಆ ಎಂಟರಲ್ಲಿ ಕನ್ನಡವೂ ಒಂದು ಎನ್ನುವುದು ನನಗೆ ಈಗಲೂ ಹೆಮ್ಮೆಯ ಸಂಗತಿ.

ಇಷ್ಟೊಂದು ಸಾಮಗ್ರಿಗಳಿರುವಾಗ ಮೊದಲು ಮಸೂರವನ್ನೇ ಏಕೆ ಆರಿಸಿಕೊಂಡಿರಿ ಎಂದು ಸಂಘದ ಖಜಾಂಚಿಗಳು ಕೇಳಿದರು. ಅದಕ್ಕೆ ಉತ್ತರ ಪ್ರಿನ್ಸೆಸ್ ಸ್ಟ್ರೀಟಿನಿಂದ ನಡೆದು ಹೋಗುವಷ್ಟು ಹತ್ತಿರದ ಗಿರಗಾಂವಿನಲ್ಲಿದೆ. ಗೋವೆಯ ಮಾಶೆಲ್ ಎಂಬ ಹಳ್ಳಿಯಲ್ಲಿ 1943ರಲ್ಲಿ ಹುಟ್ಟಿ ಮುಂದೆ ಹೆಸರಾಂತ ವಿಜ್ಞಾನಿಯಾದ ರಘುನಾಥ ಮಾಶೇಲ್ಕರ್ ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿ ಅಂಜನಿಯವರೊಡನೆ ಮುಂಬಯಿಗೆ ಬಂದು ಈ ಗಿರಗಾಂವಿನಲ್ಲಿ ಬೆಳೆದವರು. ಪಾಲಿಕೆಯ ಮರಾಠಿ ಶಾಲೆಯಲ್ಲಿ ಅವರ ಪ್ರಾಥಮಿಕ ಶಿಕ್ಷಣ ನಡೆಯಿತು. 12 ವರ್ಷ ವಯಸ್ಸಾಗುವ ತನಕ ಕಾಲಿಗೆ ಚಪ್ಪಲಿ ಇರಲಿಲ್ಲ, ರಾತ್ರಿಯ ಓದು ಬೀದಿದೀಪದ ಕೆಳಗೆ. ಪ್ರೌಢಶಾಲೆಗೆ ಸೇರಲು ಬೇಕಾಗಿದ್ದ 21 ರೂಪಾಯಿ ಹೊಂದಿಸುವುದೇ ಆ ತಾಯಿಗೆ ದುಸ್ತರವಾಗಿತ್ತು. ಕೊನೆಗೆ ಅವರು ಸೇರಿದ್ದು ಬಡವರ ಮಕ್ಕಳೇ ಹೆಚ್ಚಾಗಿದ್ದ ಯೂನಿಯನ್ ಹೈಸ್ಕೂಲಿಗೆ. ಅಲ್ಲಿ ಭೌತವಿಜ್ಞಾನ ಹೇಳಿಕೊಡುತ್ತಿದ್ದ ಭಾವೆ ಮಾಸ್ತರರು ಒಂದು ದಿನ ಮಕ್ಕಳನ್ನು ತರಗತಿಯಿಂದ ಹೊರಗೆ ಬಿಸಿಲಿಗೆ ಕರೆದುಕೊಂಡು ಹೋಗಿ, ಪೀನ ಮಸೂರವನ್ನು ಕಾಗದದ ಮೇಲೆ ಹಿಡಿದು, ಅದರ ಸಂಗಮ ದೂರವನ್ನು ಕಂಡುಹಿಡಿಯುವ ಬಗೆಯನ್ನು ತೋರಿಸಿದರು. ಬಿಸಿಲು ಒಂದು ಬಿಂದುವಿನಲ್ಲಿ ಸೇರಿ ಕಾಗದ ಸುಟ್ಟಿತು. ಶಕ್ತಿಯನ್ನು ಚದುರಗೊಡದೆ ಹೀಗೆ ಒಂದೆಡೆ ನಿಲ್ಲಿಸಿದರೆ ಲೋಕದಲ್ಲಿ ಏನನ್ನೂ ಸಾಧಿಸಬಹುದು ಎಂಬ ಅರ್ಥದ ಮಾತನ್ನು ಮಾಸ್ತರರು ಹೇಳಿದ್ದನ್ನು, ತಾನು ವಿಜ್ಞಾನಿಯಾಗಬೇಕೆಂಬ ಬಯಕೆ ಆಗಲೇ ಹುಟ್ಟಿದ್ದನ್ನು ಮಾಶೇಲ್ಕರರು ಎಷ್ಟೋ ವೇದಿಕೆಗಳಲ್ಲಿ ನೆನೆದುಕೊಂಡಿದ್ದಾರೆ.

ಆ ಹುಡುಗ ಮುಂದೆ ನಡೆದ ದಾರಿಯನ್ನು ನಮ್ಮ ಮಕ್ಕಳಿಗೆ ಇಸವಿಗಳೊಡನೆ ಹೇಳುವುದು ನನ್ನ ಪದ್ಧತಿ. ಹಾಗೆ ಹೇಳಿದಾಗ ಅದು ಯಾರೋ ದೊಡ್ಡವರ ಕಥೆಯಾಗಿ ಉಳಿಯದೆ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. 1960ರ ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ರಾಜ್ಯಕ್ಕೆ 11ನೇ ಸ್ಥಾನ ಬಂದಿತು. ಆದರೂ ಓದು ನಿಲ್ಲಿಸಿ ಕೆಲಸ ಹುಡುಕಬೇಕೆಂಬ ಸ್ಥಿತಿಯಿದ್ದಾಗ ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ತಿಂಗಳಿಗೆ 60 ರೂಪಾಯಿಯ ವಿದ್ಯಾರ್ಥಿವೇತನ ಅವರನ್ನು ಕಾಲೇಜಿನಲ್ಲಿ ಉಳಿಸಿತು. ಮಾಟುಂಗದಲ್ಲಿ ಯುಡಿಸಿಟಿ ಎಂದೇ ಹಳಬರು ಕರೆಯುವ, ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗದಿಂದ 1966ರಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪದವಿಯನ್ನೂ 1969ರಲ್ಲಿ ಪ್ರೊಫೆಸರ್ ಎಂ. ಎಂ. ಶರ್ಮಾ ಅವರ ಮಾರ್ಗದರ್ಶನದಲ್ಲಿ ಪಿಎಚ್‌ಡಿಯನ್ನೂ ಪಡೆದರು. ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿ, 1976ರಲ್ಲಿ ಪುಣೆಯ ಪಾಷಾಣ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ, ಅಂದರೆ ಎನ್‌ಸಿಎಲ್‌ಗೆ ಸೇರಿದರು. ಪಾಲಿಮರುಗಳ ದ್ರಾವಣ ಹೇಗೆ ಹರಿಯುತ್ತದೆ, ಜೆಲ್ಲುಗಳು ಹೇಗೆ ಉಬ್ಬುತ್ತವೆ ಎಂಬುದರ ಮೇಲೆ ಸಂಶೋಧನೆ ನಡೆಸಿ, 1989ರಲ್ಲಿ ಅದರ ನಿರ್ದೇಶಕರಾದರು. 1995ರಿಂದ 2006ರವರೆಗೆ ದೇಶದ ಸುಮಾರು 40 ಪ್ರಯೋಗಾಲಯಗಳನ್ನು ನಡೆಸುವ ಸಿಎಸ್‌ಐಆರ್‌ನ ಮಹಾನಿರ್ದೇಶಕರಾಗಿದ್ದರು. 1998ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು, 2014ರಲ್ಲಿ ಪದ್ಮವಿಭೂಷಣ ಬಂದಿತು.

ಈ ಪಟ್ಟಿಯಲ್ಲಿ ಮಕ್ಕಳನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಪ್ರಶಸ್ತಿಗಳಲ್ಲ, ಕೆಲಸದ ಎರಡು ಸಂಗತಿಗಳು. ಒಂದು ಅರಿಶಿನದ್ದು. ಗಾಯ ಮಾಯಲು ಅರಿಶಿನ ಹಚ್ಚುವುದನ್ನೇ ಹೊಸ ಶೋಧವೆಂದು ತೋರಿಸಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಪಡೆದಿದ್ದ ಪೇಟೆಂಟನ್ನು ಸಿಎಸ್‌ಐಆರ್ ಪ್ರಶ್ನಿಸಿತು. ಹಳೆಯ ಗ್ರಂಥಗಳ ಮತ್ತು ಮುದ್ರಿತ ಲೇಖನಗಳ ಆಧಾರವನ್ನು ಮುಂದಿಟ್ಟು, 1997ರಲ್ಲಿ ಅದನ್ನು ರದ್ದುಮಾಡಿಸಿತು. ಇನ್ನೊಂದು ಉದ್ಯಮಕ್ಕೆ ಸೇರಿದ್ದು. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ತಯಾರಿಕೆಯ ಕುರಿತು ಎನ್‌ಸಿಎಲ್ ಪಡೆದ ಪೇಟೆಂಟುಗಳ ಪರವಾನಗಿಯನ್ನು ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪನಿ ಪಡೆಯಿತು. ಭಾರತದ ಪ್ರಯೋಗಾಲಯಗಳ ಮೇಲೆ ಹೀಗೆ ಹುಟ್ಟಿದ ವಿಶ್ವಾಸ ಮುಂದೆ ಅದೇ ಕಂಪನಿ 2000ದಲ್ಲಿ ನಮ್ಮ ಬೆಂಗಳೂರಿನಲ್ಲಿ ದೊಡ್ಡ ಸಂಶೋಧನ ಕೇಂದ್ರ ತೆರೆಯುವುದಕ್ಕೂ ನೆರವಾಯಿತು. ಇಂದು ಎಷ್ಟೋ ಕನ್ನಡಕಗಳ ಗಾಜಿನ ಜಾಗದಲ್ಲಿ ಇರುವುದು ಇದೇ ಪಾಲಿಕಾರ್ಬೊನೇಟ್. ನಿವೃತ್ತಿಯ ನಂತರ ಮಾಶೇಲ್ಕರರು ರಿಲಯನ್ಸ್, ಟಾಟಾ ಮೋಟರ್ಸ್, ಹಿಂದುಸ್ತಾನ್ ಯೂನಿಲಿವರ್, ಥರ್ಮ್ಯಾಕ್ಸ್ ಮುಂತಾದ ಕಂಪನಿಗಳ ನಿರ್ದೇಶಕ ಮಂಡಳಿಗಳಲ್ಲಿ ಕುಳಿತರು.

ಏಕಾಗ್ರತೆಯ ಉಪದೇಶವಾಗಿ ಈ ಮಸೂರದ ಪ್ರಸಂಗವನ್ನು ಭಾಷಣಗಳಲ್ಲಿ ಬಳಸುವುದು ರೂಢಿ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು, ಬಡವರ ಶಾಲೆಯೊಂದರಲ್ಲಿ 1950ರ ದಶಕದಲ್ಲಿ ಒಂದು ಒಳ್ಳೆಯ ಮಸೂರ ಇತ್ತು, ಅದು ಬೀರುವಿನಲ್ಲಿ ಬೀಗದೊಳಗೆ ಇರದೆ ಮಾಸ್ತರರ ಕೈಯಲ್ಲಿ ಇತ್ತು ಎಂಬುದು. ಇಂದು ನಮ್ಮ ತರಗತಿಗೆ ಬರುವ ಹತ್ತನೆಯ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಮಸೂರದ ಪಾಠವನ್ನು ಪೂರ್ತಿ ಬಾಯಿಪಾಠ ಮಾಡಿದ್ದಾರೆ. ಕಿರಣರೇಖಾಚಿತ್ರಗಳನ್ನು ಅಚ್ಚುಕಟ್ಟಾಗಿ ಬಿಡಿಸುತ್ತಾರೆ, ವಸ್ತುದೂರ, ಬಿಂಬದೂರ, ಸಂಗಮ ದೂರಗಳ ನಂಟು ಹೇಳುವ ಸೂತ್ರವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಮಸೂರವನ್ನು ಕೈಯಲ್ಲಿ ಹಿಡಿದವರು ಅವರಲ್ಲಿ ಬಲು ವಿರಳ. ಆದ್ದರಿಂದ ಸಂಘದ ಹಣದಲ್ಲಿ ಮೊದಲ ಖರೀದಿ ಇದೇ ಆಗಬೇಕೆಂದು ನಾನು ಹಟ ಹಿಡಿದೆ.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಈ ಬೀದಿಯ ಪ್ರಯೋಗಾಲಯ ಸಾಮಗ್ರಿಯ ಅಂಗಡಿಗಳು ಹೊರಗಿನಿಂದ ಕಣ್ಣು ಸೆಳೆಯುವಂಥವಲ್ಲ. ಕಿರಿದಾದ ಮುಖಮಂಟಪ, ಒಳಗೆ ಮಾಳಿಗೆಯ ತನಕ ಒಟ್ಟಿದ ರಟ್ಟಿನ ಪೆಟ್ಟಿಗೆಗಳು, ಎದುರಿಗೆ ಒಂದು ಉದ್ದನೆಯ ಕೌಂಟರು. ಇದ್ದದ್ದನ್ನು ಗಾಜಿನ ಕಪಾಟಿನಲ್ಲಿ ಇಟ್ಟು ತೋರಿಸುವ ಪದ್ಧತಿ ಅಲ್ಲಿಲ್ಲ. ನಿಮಗೆ ಬೇಕಾದದ್ದು ಏನೆಂದು ನೀವೇ ಸರಿಯಾಗಿ ಹೇಳಬೇಕು. ಬರಿದೆ ಒಂದು ಲೆನ್ಸ್ ಕೊಡಿ ಎಂದು ಕೇಳಿದರೆ, ಓದಲು ಹಿರಿಯರು ಬಳಸುವ ಹಿಡಿಕೆಯ ಭೂತಗನ್ನಡಿಯನ್ನು ತಂದು ಮುಂದಿಡುತ್ತಾರೆ. ವ್ಯಾಸ ಇಷ್ಟು, ಸಂಗಮ ದೂರ ಇಷ್ಟು, ಗಾಜಿನದೇ ಆಗಬೇಕು, ಎರಡು ಕಡೆಯೂ ಉಬ್ಬಿರಬೇಕು ಎಂದು ಹೇಳಿದ ಕೂಡಲೇ ವ್ಯವಹಾರದ ಧಾಟಿಯೇ ಬದಲಾಗುತ್ತದೆ. ನಾನು ಹೋದ ಅಂಗಡಿಯ ಹಿರಿಯ ಗುಜರಾತಿ ಸೇಠರು, ಶಾಲೆಗೆಂದು ತಿಳಿದ ಮೇಲೆ ನನ್ನನ್ನು ಮಾಸ್ತರ್‌ಜೀ ಎಂದೇ ಕರೆದು, ಹುಡುಗನನ್ನು ಮಾಳಿಗೆಗೆ ಹತ್ತಿಸಿ, ಕಾಗದದಲ್ಲಿ ಸುತ್ತಿದ ಮಸೂರಗಳ ಇಡೀ ಪೆಟ್ಟಿಗೆಯನ್ನೇ ಕೌಂಟರಿನ ಮೇಲೆ ಇಳಿಸಿದರು. ಒಂದೊಂದನ್ನೂ ಬಿಚ್ಚಿ ನೋಡಲು ಅವಕಾಶ ಕೊಟ್ಟರು, ಅವಸರ ಮಾಡಲಿಲ್ಲ. ಈ ತಾಳ್ಮೆ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ. ಆನ್‌ಲೈನಿನಲ್ಲಿ ಕೊಂಡರೆ ಹೀಗೆ ಆರಿಸುವ ಅನುಕೂಲ ಇರುವುದಿಲ್ಲ.

ಶಾಲಾ ಬಳಕೆಯ ಇಂಥ ಉಪಕರಣಗಳ ತಯಾರಿಕೆಗೆ ಹರಿಯಾಣದ ಅಂಬಾಲಾ ಪಟ್ಟಣ ದೇಶಕ್ಕೇ ಹೆಸರಾದದ್ದು. ನಾನು ಕೊಂಡ ಪೆಟ್ಟಿಗೆಯೂ ಅಲ್ಲಿಂದಲೇ ಬಂದಿತ್ತು. ಸಾಮಾನ್ಯವಾಗಿ ಸಿಗುವ ಅಗಲ 50 ಮಿಲಿಮೀಟರ್. ಸಂಗಮ ದೂರ 10, 15, 20, 30 ಸೆಂಟಿಮೀಟರ್. ಕೌಂಟರಿನಲ್ಲಿಯೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಮೊದಲು ಮಸೂರದ ಮೈಯಲ್ಲಿ ಅಂಗಡಿಯ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ನೋಡಬೇಕು. ಮಸೂರವನ್ನು ಮೆಲ್ಲಗೆ ಓರೆ ಮಾಡಿದಾಗ ಆ ಬೆಳಕಿನ ಗೆರೆ ನುಣುಪಾಗಿ ಬಾಗುತ್ತ ಸರಿದರೆ ಹೊಳಪು ಚೆನ್ನಾಗಿದೆ ಎಂದು ಅರ್ಥ, ನಡುವೆ ನಡುಗಿದರೆ ಅಥವಾ ಮುರಿದರೆ ಅದನ್ನು ಬದಿಗಿಡಬೇಕು. ಆಮೇಲೆ ಬೆಳಕಿಗೆ ಹಿಡಿದು ಗಾಜಿನೊಳಗೆ ಗುಳ್ಳೆಗಳಿವೆಯೇ, ಅಂಚು ಚಕ್ಕೆ ಎದ್ದಿದೆಯೇ ಎಂದು ನೋಡಬೇಕು. ಅಂಚನ್ನು ಬೆರಳಿನಿಂದ ಸವರಿ ನೋಡುವುದನ್ನು ಮರೆಯಬಾರದು. ಮಕ್ಕಳ ಕೈಗೆ ಹೋಗುವ ಗಾಜಿನ ಅಂಚು ಉಜ್ಜಿ ಮೊಂಡಾಗಿಸಿದ್ದಾಗಿರಬೇಕು. ಕೊನೆಗೆ ಮಸೂರದ ಮೂಲಕ ದೂರದ ಬೋರ್ಡನ್ನು ನೋಡುತ್ತ ಅದನ್ನು ಬೆರಳುಗಳ ನಡುವೆ ಚಕ್ರದಂತೆ ತಿರುಗಿಸಬೇಕು. ಬಿಂಬ ನಿಂತಲ್ಲೇ ನಿಂತರೆ ಮಸೂರದ ನಡು ಸರಿಯಾಗಿದೆ, ಬಿಂಬವೂ ಸುತ್ತತೊಡಗಿದರೆ ಅರೆಯುವಾಗ ನಡು ತಪ್ಪಿದೆ. ನಾನು ನೋಡಿದ ಪೆಟ್ಟಿಗೆಯಲ್ಲಿ ಹೆಚ್ಚಿನವು ಈ ಎಲ್ಲ ಪರೀಕ್ಷೆಗಳಲ್ಲಿ ಗೆದ್ದವು. ಅಂಚು ಸರಿಯಿಲ್ಲದ ಕೆಲವನ್ನು ಸೇಠರು ಮರುಮಾತಿಲ್ಲದೆ ಬದಲಾಯಿಸಿ ಕೊಟ್ಟರು.

ಸಂಗಮ ದೂರದ ಲೆಕ್ಕವನ್ನು ಮನೆಯಲ್ಲಿ ನೋಡಿದೆ. ಕಿಟಕಿಯ ಎದುರಿಗೆ ದೂರದಲ್ಲಿರುವ ಕಟ್ಟಡದ ಬಿಂಬವನ್ನು ಬಿಳಿ ಕಾಗದದ ಮೇಲೆ ಸ್ಪಷ್ಟವಾಗಿ ಮೂಡಿಸಿ, ಮಸೂರದಿಂದ ಕಾಗದಕ್ಕಿರುವ ದೂರವನ್ನು ಅಳೆದರೆ ಸಾಕು. ಬಿಂಬವಾಗಿ ಮೂಡಿಸುವ ವಸ್ತು ಹತ್ತು ಮೀಟರಿನಷ್ಟೇ ದೂರದಲ್ಲಿದ್ದರೂ 20 ಸೆಂಟಿಮೀಟರಿನ ಮಸೂರಕ್ಕೆ ಬರುವ ಅಳತೆ 20.4, ಅಂದರೆ ಶಾಲೆಯ ಮಟ್ಟಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. 20 ಎಂದು ಕೊಟ್ಟವು ಬಹುತೇಕ 20ರ ಆಸುಪಾಸಿನಲ್ಲಿಯೇ ಇದ್ದವು. 30 ಎಂದು ಕೊಟ್ಟವುಗಳಲ್ಲಿ ಮಾತ್ರ ಏರುಪೇರು ಹೆಚ್ಚು. ಲಕೋಟೆಯ ಮೇಲೆ ಬರೆದದ್ದನ್ನು ನಂಬದೆ ಅಳೆದು ನೋಡಿ ಎಂದು ಮಕ್ಕಳಿಗೆ ಹೇಳಲು ಇದೇ ಒಳ್ಳೆಯ ಸಂದರ್ಭವಾಯಿತು.

ಇನ್ನು ಬಿಸಿಲಿನ ಪರೀಕ್ಷೆ. ಮಸೂರ ಕಾಗದದ ಮೇಲೆ ಮೂಡಿಸುವ ಬೆಳಕಿನ ಚುಕ್ಕೆ ಬಿಂದುವಲ್ಲ, ಅದು ಸೂರ್ಯನ ಪುಟ್ಟ ಬಿಂಬ. ಆಕಾಶದಲ್ಲಿ ಸೂರ್ಯ ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಾಗಿ ಕಾಣುವುದರಿಂದ, 20 ಸೆಂಟಿಮೀಟರ್ ಸಂಗಮ ದೂರದ ಮಸೂರ ಮೂಡಿಸುವ ಸೂರ್ಯಬಿಂಬದ ಅಗಲ 2 ಮಿಲಿಮೀಟರಿಗೆ ತುಸು ಕಡಿಮೆ. 50 ಮಿಲಿಮೀಟರ್ ಅಗಲದ ಮೈಮೇಲೆ ಬಿದ್ದ ಬಿಸಿಲೆಲ್ಲ ಅಷ್ಟರಲ್ಲಿಯೇ ಸೇರಿದಾಗ, ಗಾಜಿನ ಎರಡು ಮೈಗಳಲ್ಲಿ ಪ್ರತಿಫಲಿಸಿ ಹೋದದ್ದನ್ನು ಕಳೆದರೂ ಬಿಸಿಲಿನ ತೀವ್ರತೆ ಆರುನೂರು ಪಟ್ಟಿಗಿಂತ ಹೆಚ್ಚಾಗುತ್ತದೆ. 10 ಸೆಂಟಿಮೀಟರಿನದು ಇನ್ನೂ ಚಿಕ್ಕ ಬಿಂಬವನ್ನು ಮೂಡಿಸಬೇಕು, ಬೇಗ ಸುಡಲೂ ಬೇಕು; ಸುಡುವುದೇನೋ ಬೇಗ ಸುಡುತ್ತದೆ. ಆದರೆ ಅದರ ಮೈ ಹೆಚ್ಚು ಉಬ್ಬಿರುವುದರಿಂದ ಅಂಚಿನಲ್ಲಿ ಹಾದ ಕಿರಣಗಳು ನಡುವಿನ ಕಿರಣಗಳಿಗಿಂತ ಮೊದಲೇ ಸೇರಿಬಿಡುತ್ತವೆ, ಆ ಕಾರಣದಿಂದ ಬಿಂಬದ ಸುತ್ತ ಮಬ್ಬು ಉಳಿಯುತ್ತದೆ. ಸಂಗಮ ದೂರ ಇಷ್ಟೇ ಎಂದು ನಿಖರವಾಗಿ ಹೇಳಲು ಮಕ್ಕಳು ತಡವರಿಸಿದ್ದು ಈ ಮಸೂರದಲ್ಲಿಯೇ. 20ರದ್ದು ಮೂಡಿಸುವ ಬಿಂಬದ ಅಂಚು ಸ್ಪಷ್ಟ. ಬಿಳಿ ಹಾಳೆಗಿಂತ ಪತ್ರಿಕೆಯ ಕಪ್ಪು ತಲೆಬರಹದ ಮೇಲೆ ಹಿಡಿದರೆ ಹೊಗೆ ಬೇಗ ಏಳುತ್ತದೆ, ಏಕೆಂದರೆ ಬಿಳಿ ಕಾಗದ ಬಿಸಿಲಿನ ಹೆಚ್ಚಿನ ಭಾಗವನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ಶಾಯಿ ಹೀರಿಕೊಳ್ಳುತ್ತದೆ. ಇದನ್ನು ನಾನು ಮೊದಲೇ ಹೇಳಿರಲಿಲ್ಲ. ಎಂಟನೆಯ ತರಗತಿಯ ಒಬ್ಬ ಹುಡುಗಿ ಪತ್ರಿಕೆಯ ಅಕ್ಷರಗಳ ಮೇಲೂ ಖಾಲಿ ಜಾಗದ ಮೇಲೂ ಸರದಿಯಂತೆ ಹಿಡಿದು, “ಸರ್, ಅಕ್ಷರ ಮೊದಲು ಸುಡ್ತದ ನೋಡ್ರಿ, ಕಾಗದ ಆಮೇಲೆ” ಎಂದು ತಾನೇ ಕಂಡುಕೊಂಡು ಹೇಳಿದಳು. ಆ ಮಾತು ನನಗೆ ಕೊಟ್ಟ ಸಂತೋಷ ಸಣ್ಣದಲ್ಲ.

ಬಿಸಿಲಿನ ಪರೀಕ್ಷೆ ಮಾಡಿಸುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಲೇಬೇಕು. ಮಸೂರದ ಮೂಲಕ ಸೂರ್ಯನನ್ನು ಯಾರೂ ಎಂದೂ ನೋಡಕೂಡದು, ಕ್ಷಣಮಾತ್ರದಲ್ಲಿ ಕಣ್ಣಿನ ಅಕ್ಷಿಪಟಲ ಸುಟ್ಟುಹೋಗಬಹುದು. ಕಾಗದವನ್ನು ಸ್ಟೀಲಿನ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡೇ ಆರಂಭಿಸಬೇಕು. ಪಾಠ ಮುಗಿದ ಮೇಲೆ ಮಸೂರವನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟುಹೋಗಬಾರದು, ಇಳಿಬಿಸಿಲು ಅದರ ಮೂಲಕ ಪರದೆಗೋ ಪುಸ್ತಕಕ್ಕೋ ಬೆಂಕಿ ಹಚ್ಚಬಹುದು.

ಮುಂಬಯಿಯಲ್ಲಿ ಈ ಪಾಠಕ್ಕೆ ಒಂದು ವಿಶೇಷ ತೊಡಕಿದೆ. ಶಾಲೆ ಆರಂಭವಾಗುವುದು ಜೂನ್ ತಿಂಗಳಲ್ಲಿ, ಆಗಲೇ ಮಳೆಯೂ ಬಂದು ಕೂರುತ್ತದೆ. ಸೆಪ್ಟೆಂಬರಿನ ತನಕ ನೆಟ್ಟಗೆ ಬಿಸಿಲು ಸಿಗುವ ಭರವಸೆ ಇಲ್ಲ. ರಾತ್ರಿಶಾಲೆಯ ಹುಡುಗರಿಗಂತೂ ವರ್ಷವಿಡೀ ಪಾಠದ ವೇಳೆಗೆ ಸೂರ್ಯನೇ ಇರುವುದಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ನಿಂತು ದುಡಿದು, ಸಂಜೆ ಏಳಕ್ಕೆ ಪುಸ್ತಕ ಹಿಡಿಯುವವರಿಗೆ ಭಾವೆ ಮಾಸ್ತರರ ಹಾಗೆ ಅಂಗಳಕ್ಕೆ ಕರೆದು ತೋರಿಸುವುದು ಹೇಗೆ? ಇಲ್ಲಿ 20 ಸೆಂಟಿಮೀಟರಿನ ಮಸೂರದ ನಿಜವಾದ ಬೆಲೆ ನನಗೆ ತಿಳಿಯಿತು. ರಟ್ಟಿನಲ್ಲಿ ಬಾಣದ ಆಕಾರ ಕತ್ತರಿಸಿ, ಅದಕ್ಕೆ ತೆಳು ಕಾಗದ ಅಂಟಿಸಿ, ಹಿಂದಿನಿಂದ ಮೊಬೈಲಿನ ಟಾರ್ಚ್ ಬೆಳಗಿಸಿದರೆ ಅದೇ ವಸ್ತು. ವಸ್ತುವನ್ನು ಸಂಗಮ ದೂರದ ಎರಡರಷ್ಟು ದೂರದಲ್ಲಿಟ್ಟರೆ ಬಿಂಬವೂ ಅಷ್ಟೇ ದೂರದಲ್ಲಿ, ಅಷ್ಟೇ ಗಾತ್ರದಲ್ಲಿ, ತಲೆಕೆಳಗಾಗಿ ಮೂಡುತ್ತದೆ. 20ರ ಮಸೂರಕ್ಕೆ 40 ಮತ್ತು 40 ಸೇರಿ 80 ಸೆಂಟಿಮೀಟರ್. ಇಬ್ಬರು ಕೂರುವ ಶಾಲಾ ಬೆಂಚಿನ ಮೇಲೆ ಸುಲಭವಾಗಿ ಹಿಡಿಯುತ್ತದೆ. 30ರದ್ದಕ್ಕೆ 120 ಬೇಕು, ಬೆಂಚು ಸಾಲುವುದಿಲ್ಲ. 10ರದ್ದಕ್ಕೆ 40 ಸಾಕಾದರೂ ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೆ ಲೆಕ್ಕ ದೂರ ಹೋಗುತ್ತದೆ. ವಸ್ತುದೂರ ಬದಲಿಸುತ್ತ, ಬಿಂಬದೂರ ಅಳೆಯುತ್ತ, ಸೂತ್ರಕ್ಕೆ ಹಾಕಿ ಪ್ರತಿಸಲವೂ 20ರ ಹತ್ತಿರವೇ ಉತ್ತರ ಬಂದಾಗ ಆ ಹುಡುಗರ ಮುಖ ನೋಡಬೇಕು. ಬಾಯಿಪಾಠದ ಸೂತ್ರ ತಮ್ಮ ಬೆಂಚಿನ ಮೇಲೆ ನಡೆದುಕೊಳ್ಳುತ್ತದೆ ಎಂದು ಅವರು ಅದುವರೆಗೆ ಎಣಿಸಿಯೇ ಇರಲಿಲ್ಲ. ಮಸೂರವನ್ನು ನಿಲ್ಲಿಸಲು ಅಂಗಡಿಯಲ್ಲಿ ಸ್ಟ್ಯಾಂಡ್ ಸಿಗುತ್ತದೆ, ಚೆನ್ನಾಗಿಯೂ ಇದೆ. ಆದರೆ ಹಣ ಕಡಿಮೆ ಇದ್ದರೆ ದಪ್ಪ ಥರ್ಮಾಕೋಲಿನಲ್ಲಿ ಸೀಳು ಮಾಡಿ ನಿಲ್ಲಿಸಿದರೂ ಕೆಲಸ ನಡೆಯುತ್ತದೆ.

ಪೆಟ್ಟಿಗೆಯ ಕಿಟ್ಟುಗಳ ಬಗ್ಗೆಯೂ ಹೇಳಬೇಕು. ಹಿತೈಷಿಯೊಬ್ಬರು ಮಾಲ್ ಒಂದರಿಂದ ಕೊಂಡು ನಮ್ಮ ತರಗತಿಗೆ ಉಡುಗೊರೆ ಕೊಟ್ಟ ವಿಜ್ಞಾನದ ಕಿಟ್ಟಿನಲ್ಲಿ ಬಗೆಬಗೆಯ ವಸ್ತುಗಳಿದ್ದವು, ಬಣ್ಣದ ಪುಸ್ತಕವೂ ಇತ್ತು. ಮಸೂರ ಮಾತ್ರ ಒಂದೇ, ಅದೂ ಮೂರು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ಕಿನದು. ಅಚ್ಚಿನಲ್ಲಿ ಒತ್ತಿ ಮಾಡಿದ ಆ ಮಸೂರದಲ್ಲಿ ಟ್ಯೂಬ್‌ಲೈಟಿನ ಗೆರೆ ನಡುನಡುವೆ ಮುರಿಯುತ್ತಿತ್ತು, ಕಿಟಕಿಯ ಬಿಂಬ ಎಲ್ಲಿ ಹಿಡಿದರೂ ಸ್ಪಷ್ಟವಾಗಲಿಲ್ಲ. ಮಕ್ಕಳು ಅಂಗಿಯ ತುದಿಯಿಂದ ಒರೆಸಿ ಒರೆಸಿ ಕೆಲವೇ ವಾರಗಳಲ್ಲಿ ಅದು ಗೀರುಗಟ್ಟಿ ಮಂಕಾಯಿತು. ಆ ಕಿಟ್ಟಿನ ಬೆಲೆಗೆ ಪ್ರಿನ್ಸೆಸ್ ಸ್ಟ್ರೀಟಿನ ಗಾಜಿನ ಮಸೂರಗಳು ಅರ್ಧ ತರಗತಿಗೆ ಆಗುವಷ್ಟು ಬರುತ್ತಿದ್ದವು. ಗಾಜು ಬಿದ್ದರೆ ಒಡೆಯುತ್ತದೆ ಎಂಬುದು ನಿಜ, ನಮ್ಮಲ್ಲಿಯೂ ಒಡೆದಿವೆ. ಆದರೆ ಜೋಪಾನವಾಗಿ ಹಿಡಿಯಬೇಕಾದ ವಸ್ತು ಎಂಬ ಅರಿವಿನಿಂದಲೇ ಮಕ್ಕಳ ಕೈ ಹದಕ್ಕೆ ಬರುತ್ತದೆ ಎಂದು ನಾನು ನಂಬಿದ್ದೇನೆ. ತೀರಾ ಹತ್ತಿರದಲ್ಲಿ ಏನೂ ಸಿಗದಿದ್ದರೆ ಬೀದಿಯ ಕನ್ನಡಕದಂಗಡಿಯಲ್ಲಿ ಪ್ಲಸ್ 5 ಪವರಿನ ಉಳಿದ ಗಾಜನ್ನು ಕೇಳಿ ಪಡೆಯಬಹುದು. ಅದರ ಸಂಗಮ ದೂರವೂ 20 ಸೆಂಟಿಮೀಟರೇ. ಒಂದು ಮೈ ಒಳಕ್ಕೆ ಬಾಗಿರುವುದರಿಂದ ಪಠ್ಯಪುಸ್ತಕದ ಚಿತ್ರಕ್ಕೆ ಅದು ಹೊಂದುವುದಿಲ್ಲ ಎಂಬುದೊಂದೇ ಕೊರತೆ.

ಅಂಗಡಿಯ ಸೇವೆಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಗಳೂ ಇವೆ. ಬೇರೆಬೇರೆ ಸಂಗಮ ದೂರದ ಮಸೂರಗಳನ್ನು ಒಂದೇ ಬಗೆಯ ಕಾಗದದಲ್ಲಿ ಸುತ್ತಿ, ಪೆನ್ಸಿಲಿನಲ್ಲಿ ಗೀಚಿದ ಅಂಕಿಯೊಂದನ್ನೇ ಗುರುತಾಗಿ ಇಟ್ಟಿರುತ್ತಾರೆ. ಕಾಗದ ಬಿಚ್ಚಿದ ಮೇಲೆ ಯಾವುದು ಯಾವುದೆಂದು ಅಳೆದೇ ತಿಳಿಯಬೇಕು. ಮಸೂರದ ಅಂಚಿನಲ್ಲಿಯೇ ಅಳಿಸದ ಗುರುತು ಇರಬೇಕಿತ್ತು. ಈ ಕೊರತೆಯನ್ನು ನಾವು ಅಂಚಿಗೆ ಬಣ್ಣದ ನೇಲ್ ಪಾಲಿಶಿನ ಚುಕ್ಕೆ ಇಟ್ಟು ಸರಿಪಡಿಸಿಕೊಂಡೆವು. ಒಡೆದದ್ದನ್ನು, ಗೀರು ಬಿದ್ದದ್ದನ್ನು ಅಂಗಡಿಯಿಂದ ಹೊರಗೆ ಕಾಲಿಟ್ಟ ಮೇಲೆ ಬದಲಾಯಿಸಿ ಕೊಡುವುದಿಲ್ಲ. ಆದ್ದರಿಂದ ಆರಿಸುವ ಕೆಲಸವನ್ನು ಅಲ್ಲಿಯೇ ಮುಗಿಸಬೇಕು. ಭಾನುವಾರ ಬಾಗಿಲು ಹಾಕಿರುತ್ತದೆ, ಶಿಕ್ಷಕರಿಗೆ ಬಿಡುವಿರುವುದು ಅಂದು ಮಾತ್ರ. ಸಂಘ ಅಥವಾ ಶಾಲೆಯ ಹೆಸರಿನಲ್ಲಿ ಜಿಎಸ್‌ಟಿ ಸಹಿತ ಬಿಲ್ಲು ಬೇಕೆಂದು ಮೊದಲೇ ಹೇಳಬೇಕು, ಆಮೇಲೆ ಹೇಳಿದರೆ ಬೆಲೆಯ ಮಾತು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಬೆಲೆಯ ವಿಷಯದಲ್ಲಿ ಹೇಳುವುದಾದರೆ, ಬಿಡಿ ಮಸೂರವೊಂದಕ್ಕೆ ನೂರು ರೂಪಾಯಿಗಿಂತ ಕಡಿಮೆಯೇ ಬಿದ್ದಿತು. ಹೆಚ್ಚು ಸಂಖ್ಯೆಯಲ್ಲಿ ಕೊಂಡಾಗ ಇನ್ನಷ್ಟು ಇಳಿಸಿದರು. ಮಕ್ಕಳಿಗೆಂದು ಎರಡು ಮಸೂರಗಳನ್ನು ಸೇಠರು ಹಣ ತೆಗೆದುಕೊಳ್ಳದೆ ಸೇರಿಸಿ ಕೊಟ್ಟದ್ದನ್ನೂ ಇಲ್ಲಿ ಕೃತಜ್ಞತೆಯಿಂದ ದಾಖಲಿಸುತ್ತೇನೆ.

ಕಾಪಾಡುವ ಬಗೆಯನ್ನು ತಿಳಿದಿರದಿದ್ದರೆ ಮುಂಬಯಿಯ ಹವೆ ಎಂಥ ಒಳ್ಳೆಯ ಮಸೂರವನ್ನೂ ಹಾಳುಮಾಡುತ್ತದೆ. ಮಳೆಗಾಲದ ತೇವದಲ್ಲಿ ಗಾಜಿನ ಮೈಮೇಲೆ ಬೂಷ್ಟು ಜೇಡರಬಲೆಯ ಎಳೆಗಳಂತೆ ಹಬ್ಬುತ್ತದೆ, ಬಹಳ ಕಾಲ ಬಿಟ್ಟರೆ ಒರೆಸಿದರೂ ಕಲೆ ಉಳಿಯುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ, ಒಂದೊಂದನ್ನೂ ಹಳೆಯ ಹತ್ತಿಬಟ್ಟೆಯ ತುಂಡಿನಲ್ಲಿ ಸುತ್ತಿ ಇಟ್ಟರೆ ಏನೂ ಆಗುವುದಿಲ್ಲ. ಸಿಲಿಕಾ ಜೆಲ್ ತೇವ ಹೀರಿದ ಮೇಲೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಮತ್ತೆ ಬಳಸಬಹುದು. ಡಬ್ಬಿಯ ಹೊಣೆಯನ್ನು ನಾನು ಒಂಬತ್ತನೆಯ ತರಗತಿಯ ಮಕ್ಕಳಿಗೇ ಒಪ್ಪಿಸಿದ್ದೇನೆ. ಎಣಿಸಿ ಕೊಟ್ಟು ಎಣಿಸಿ ಪಡೆಯುವ ಪುಸ್ತಕವನ್ನು ಅವರೇ ಕನ್ನಡದಲ್ಲಿ ಬರೆಯುತ್ತಾರೆ.

ಮಸೂರವೊಂದನ್ನು ಕೈಗೆ ಕೊಟ್ಟಮಾತ್ರಕ್ಕೆ ಮಕ್ಕಳು ವಿಜ್ಞಾನಿಗಳಾಗುತ್ತಾರೆಂದು ನಾನು ಹೇಳುವುದಿಲ್ಲ. ಮಾಶೇಲ್ಕರರ ಹಿಂದೆ ಹಟ ಹಿಡಿದ ತಾಯಿ ಇದ್ದರು, ವಿದ್ಯಾರ್ಥಿವೇತನವಿತ್ತು, ಶುಲ್ಕದ ಹೊರೆ ಹೊರಿಸದ ಸರಕಾರಿ ಶಿಕ್ಷಣಸಂಸ್ಥೆಗಳಿದ್ದವು. ನಮ್ಮ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಶಾಲೆಯಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೂ ಅಲ್ಲಿಂದ ಪುಣೆಯ ಕಾಲೇಜ್ ಆಫ್ ಸೈನ್ಸಿಗೂ ಬಂದದ್ದು, ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿ, ಮುಂದೆ ಖಡಕವಾಸಲಾ ಜಲಾಶಯಕ್ಕೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಕೂಡಿಸಿದ್ದು ಕೂಡ ಇಂಥ ನೆರವುಗಳ ಆಸರೆಯಿಂದಲೇ. ಆದರೆ ಈ ಎಲ್ಲ ನೆರವು ಉಪಯೋಗಕ್ಕೆ ಬರಬೇಕಾದರೆ ಮೊದಲು ಮಗುವಿಗೆ ಇದು ನನ್ನ ಕೈಯಲ್ಲಿ ಆಗುವ ಕೆಲಸ ಎನ್ನಿಸಬೇಕು. ಅಂಥ ಅನಿಸಿಕೆ ನಮ್ಮ ತರಗತಿಯಲ್ಲಿ ಹುಟ್ಟಿದ್ದನ್ನು ನಾನು ಕಂಡಿದ್ದೇನೆ. ಹೋಟೆಲಿನಲ್ಲಿ ದುಡಿಯುವ ಹುಡುಗನೊಬ್ಬ, ಡಿಪ್ಲೊಮಾಕ್ಕೆ ಕೆಮಿಕಲ್ ಶಾಖೆ ಸಿಗಬೇಕಾದರೆ ಹತ್ತನೆಯ ತರಗತಿಯಲ್ಲಿ ಎಷ್ಟು ಅಂಕ ಬೇಕು ಎಂದು ವಿಚಾರಿಸತೊಡಗಿದ್ದಾನೆ. ಪುಣೆಯ ಎನ್‌ಸಿಎಲ್ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಸುಮಾರಿಗೆ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಬರುವ ಬಾರಿ ಹುಡುಗರಿಗೆ ರಜೆ ಕೊಡಲು ಅವರ ಮಾಲಕರನ್ನು ಒಪ್ಪಿಸಿ ಅಲ್ಲಿಗೆ ಕರೆದೊಯ್ಯುವ ಸಿದ್ಧತೆ ನಡೆದಿದೆ.

ಅಂಗಡಿಗೆ ಮುಂದಿನ ಬೇಡಿಕೆಯನ್ನೂ ಕೊಟ್ಟಾಗಿದೆ. 100 ಸೆಂಟಿಮೀಟರ್ ಸಂಗಮ ದೂರದ ಒಂದು ಮಸೂರವನ್ನು ಮುಂದೆ, 5 ಸೆಂಟಿಮೀಟರಿನದನ್ನು ಕಣ್ಣಿನ ಕಡೆ ಇಟ್ಟು ಪಿವಿಸಿ ಕೊಳವೆಯಲ್ಲಿ ಕೂಡಿಸಿದರೆ 20 ಪಟ್ಟು ಹಿಗ್ಗಿಸುವ ದೂರದರ್ಶಕವಾಗುತ್ತದೆ, ಚಂದ್ರನ ಕುಳಿಗಳು ಚೆನ್ನಾಗಿ ಕಾಣುತ್ತವೆ, ಮತ್ತು ಇದು ರಾತ್ರಿಶಾಲೆಗೆ ಹೇಳಿ ಮಾಡಿಸಿದ ಪಾಠ. 100 ಸೆಂಟಿಮೀಟರಿನದು ಆ ಬೀದಿಯಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ಅಂಬಾಲಾದಿಂದ ತರಿಸಿಕೊಡಬೇಕು. ಬರಲು ಕೆಲವು ವಾರಗಳಾಗುತ್ತವೆ ಎಂದು ಸೇಠರು ಹೇಳಿದ್ದಾರೆ, ಅರ್ಧ ಹಣ ಮುಂಗಡ ಕೇಳಿದ್ದಾರೆ. ಇದೇ ಬಗೆಯದನ್ನು ತರಿಸಬೇಕೆಂದಿರುವ ಇತರ ಸಂಘಗಳು ಒಟ್ಟಾಗಿ ಬೇಡಿಕೆ ಕೊಟ್ಟರೆ ಸಾಗಣೆಯ ವೆಚ್ಚ ಹಂಚಿಹೋಗುತ್ತದೆ.